ಪೈಥಾನ್ ಔಟ್‌ಪುಟ್ ಫೈಲಿಗೆ: ರಿಡೈರೆಕ್ಷನ್, ರೈಟ್, ಪ್ರಿಂಟ್ — ಯಾವುದು ಅನುಕೂಲ?

7ರ ಮಗ್ಗಿ ಸ್ಕ್ರೀನ್ ಬದಲು ಫೈಲಿಗೆ ಹೋಗಬೇಕು. ಒಂದೇ ಲೂಪನ್ನು ಮೂರು ಬಗೆಯಲ್ಲಿ ಓಡಿಸಿದರೆ ಸಾಕು, ಯಾವುದು ಎಲ್ಲಿ ಕೈಕೊಡುತ್ತದೆ ಎಂದು ತಿಳಿಯುತ್ತದೆ.

ಕೋಡ್ ಮುಟ್ಟದೆ ಆಗುವುದು ರಿಡೈರೆಕ್ಷನ್. ಟರ್ಮಿನಲ್‌ನಲ್ಲಿ ಕಮಾಂಡಿನ ಕೊನೆಗೆ > ಹಾಕಿ ಫೈಲ್ ಹೆಸರು ಕೊಡಿ. ಹಳೆಯದರ ಕೆಳಗೆ ಸೇರಿಸಲು >>. ತೊಡಕು ಬರುವುದು ಇನ್‌ಪುಟ್ ಇದ್ದಾಗ. ‘ಯಾವ ಮಗ್ಗಿ ಬೇಕು?’ ಎಂಬ ಪ್ರಶ್ನೆಯೂ ಫೈಲಿಗೇ ಹೋಗುತ್ತದೆ. ಪ್ರೋಗ್ರಾಮ್ ಉತ್ತರಕ್ಕೆ ಕಾಯುತ್ತಿದ್ದರೆ ನೋಡುವವರಿಗೆ ಹ್ಯಾಂಗ್ ಆದಂತೆ ಕಾಣುತ್ತದೆ. ಎರರ್ ಮಾತ್ರ ಸ್ಕ್ರೀನಿಗೇ ಬರುತ್ತದೆ, ಅದರ ದಾರಿ ಬೇರೆ. ವಿಂಡೋಸ್ ಜೊತೆ ಬರುವ ಪವರ್‌ಶೆಲ್ 5.1ರಲ್ಲಿ > ಬಳಸಿದರೆ ಫೈಲು ಯುಟಿಎಫ್-16 ಎಂಬ ಎನ್‌ಕೋಡಿಂಗ್‌ನಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಬಗೆ) ಕೂರುತ್ತದೆ, ಮುಂದೆ ಅದನ್ನು ಯುಟಿಎಫ್-8 ಎಂದು ಓದಹೊರಟರೆ ಎರರ್.

ಫೈಲಿನ ರೈಟ್ ಮೆಥಡ್ ಹೊಸಬರನ್ನು ಹೆಚ್ಚು ಸತಾಯಿಸುವುದು. ಸಂಖ್ಯೆ ಕೊಟ್ಟರೆ ಟೈಪ್‌ಎರರ್, ಏಕೆಂದರೆ ಅದಕ್ಕೆ ಸ್ಟ್ರಿಂಗೇ (ಅಕ್ಷರಗಳ ಸಾಲು) ಬೇಕು. ಸ್ಟ್ರಿಂಗ್ ಮಾಡಿ ಕೊಟ್ಟಿರೋ, ಫೈಲಿನಲ್ಲಿ ಸಿಗುವುದು ಇದು: 7142128354249566370. ಸಾಲು ಮುರಿಯುವ ಕೆಲಸವೂ ನಿಮ್ಮದೇ. ತಯಾರಾದ ಒಂದೇ ದೊಡ್ಡ ಸ್ಟ್ರಿಂಗ್ ಇದ್ದರೆ ಮಾತ್ರ ಇದು ಹಿತ.

ಕಲಿಯುವವರಿಗೆ ನಮ್ಮ ಆಯ್ಕೆ ಪ್ರಿಂಟ್‌ನ ‘ಫೈಲ್’ ಆರ್ಗ್ಯುಮೆಂಟ್. ಪೈಥಾನ್ 3ರಲ್ಲಿ ಪ್ರಿಂಟ್ ಫಂಕ್ಷನ್ ಆದಾಗಿನಿಂದ ಇದೆ. ‘ವಿತ್ ಓಪನ್’ನಲ್ಲಿ ಫೈಲ್ ತೆರೆದು, ಪ್ರಿಂಟ್‌ನ ಕೊನೆಗೆ ಕಾಮಾ ಹಾಕಿ ‘ಫೈಲ್ = ತೆರೆದ ಆ ಫೈಲನ್ನು ಹಿಡಿದಿರುವ ವೇರಿಯೇಬಲ್’ ಎಂದರಾಯಿತು. ಸಂಖ್ಯೆ, ಪಟ್ಟಿ ಏನು ಕೊಟ್ಟರೂ ತಾನೇ ಅಕ್ಷರವಾಗಿಸುತ್ತದೆ, ಸಾಲೂ ಮುರಿಯುತ್ತದೆ. ಫೈಲಿಗೆ ಹೋಗುವುದು ಆ ಒಂದು ಪ್ರಿಂಟ್ ಮಾತ್ರ. ಪ್ರಶ್ನೆ ಸ್ಕ್ರೀನಿನಲ್ಲೇ ಉಳಿಯುತ್ತದೆ.

ಓಪನ್ ಬಳಸುವ ಎರಡೂ ದಾರಿಗೆ ಕೆಲವು ಎಚ್ಚರಿಕೆ. ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆಯದಿದ್ದರೆ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಸಿಪಿ1252 ಎಂಬ ಹಳೆಯ ಎನ್‌ಕೋಡಿಂಗ್ ಬಳಕೆಯಾಗುತ್ತದೆ. ಅದರಲ್ಲಿ ಕನ್ನಡ ಅಕ್ಷರವೇ ಇಲ್ಲ, ‘ಏಳು’ ಎಂದು ಪ್ರಿಂಟ್ ಮಾಡಿದ ಕೂಡಲೇ ಯುನಿಕೋಡ್‌ಎನ್‌ಕೋಡ್‌ಎರರ್. ‘ಡಬ್ಲ್ಯೂ’ (ಬರೆಯುವ) ಮೋಡ್ ಫೈಲ್ ತೆರೆದ ಕ್ಷಣವೇ ಹಳೆಯದನ್ನು ಅಳಿಸುತ್ತದೆ, ಆದ್ದರಿಂದ ಓಪನ್ ಅನ್ನು ಲೂಪಿನೊಳಗೆ ಇಟ್ಟರೆ ಕೊನೆಗೆ 70ರ ಸಾಲೊಂದೇ ಉಳಿಯುತ್ತದೆ. ‘ವಿತ್’ ಬಿಟ್ಟು, ಮುಚ್ಚುವುದನ್ನೂ ಮರೆತರೆ ಜುಪಿಟರ್‌ನಂಥ ನೋಟ್‌ಬುಕ್‌ನಲ್ಲಿ ಫೈಲು ಖಾಲಿ ಕಾಣಬಹುದು: ಬರೆದದ್ದು ಇನ್ನೂ ಬಫರಿನಲ್ಲಿ, ಅಂದರೆ ಮೆಮೊರಿಯ ತಾತ್ಕಾಲಿಕ ಜಾಗದಲ್ಲಿ, ಇರುತ್ತದೆ.

ಬೇರೆಯವರು ಬರೆದ ಫಂಕ್ಷನ್ ಒಳಗೊಳಗೇ ಪ್ರಿಂಟ್ ಮಾಡುತ್ತಿದ್ದರೆ? ಅದಕ್ಕೆ ಪೈಥಾನ್ ಜೊತೆಗೇ ಬರುವ ಕಾಂಟೆಕ್ಸ್ಟ್‌ಲಿಬ್ ಮಾಡ್ಯೂಲಿನ ರಿಡೈರೆಕ್ಟ್ ಎಸ್‌ಟಿಡಿಔಟ್ ಇದೆ, ಪೈಥಾನ್ 3.4ರಿಂದ. ‘ವಿತ್’ ಬ್ಲಾಕ್ ಮುಗಿದೊಡನೆ ಪ್ರಿಂಟ್ ಮತ್ತೆ ಸ್ಕ್ರೀನಿಗೇ ಮರಳುತ್ತದೆ.