ಮ್ಯೂನಿಕ್‌ನ ಗಂಟೆ ರೇಟ್ ನಂಬಿ ಬರ್ಲಿನ್ ಬಿಡುವ ಮುಂಚೆ ಇದನ್ನು ಓದಿ

ಜರ್ಮನಿಯಲ್ಲಿ ಕೆಲಸ ಬಿಟ್ಟು ಫ್ರೀಲಾನ್ಸ್ ಮಾಡೋಣ ಅಂದುಕೊಂಡಿರುವ ನಮ್ಮವರಿಗಾಗಿ ಬರೆಯುತ್ತಿದ್ದೇನೆ. ನಾನು ಬರ್ಲಿನ್‌ನಲ್ಲಿ ಗಂಟೆಗೆ 70 ಯೂರೋಗೆ ಸಾಫ್ಟ್‌ವೇರ್ ಬ್ಯಾಕೆಂಡ್ ಕೆಲಸ ಮಾಡುತ್ತಿದ್ದೆ. ಒಂದು ಏಜೆನ್ಸಿಯವರು ಫೋನ್ ಮಾಡಿ, ಮ್ಯೂನಿಕ್‌ನಲ್ಲಿ 85 ಕೊಡಿಸ್ತೀವಿ, ವಾರಕ್ಕೆ 40 ಗಂಟೆ ಗ್ಯಾರಂಟಿ ಅಂದರು. ವರ್ಷದ ಕೊನೆಗೆ ನನ್ನ ಕೈಯಲ್ಲಿ ಉಳಿದದ್ದು ಬರ್ಲಿನ್‌ನಲ್ಲಿ ಉಳಿಯುತ್ತಿದ್ದುದಕ್ಕಿಂತ ಕಡಿಮೆ.

ಕಾಂಟ್ರಾಕ್ಟ್‌ನಲ್ಲಿ ‘ವಾರಕ್ಕೆ 40 ಗಂಟೆಯವರೆಗೆ’ ಅಂತಿತ್ತು. ಕೇಳಿದೆ. ಎಲ್ಲರಿಗೂ ಹೀಗೇ ಬರೆಯೋದು, ತಲೆ ಕೆಡಿಸ್ಕೋಬೇಡಿ ಅಂದರು. ಆಗಸ್ಟ್ ಬಂದ ಕೂಡಲೇ ಕ್ಲೈಂಟ್ ಕಡೆಯಿಂದ ಮೇಲ್ ಬಂತು: ರಜೆ ಮುಗಿಯುವವರೆಗೆ ವಾರಕ್ಕೆ ಮೂರು ದಿನ ಸಾಕು. ಡಿಸೆಂಬರ್ ಕೊನೆಗೆ ಆಫೀಸೇ ಬಂದ್. ಏಜೆನ್ಸಿಗೆ ಫೋನ್ ಮಾಡಿದರೆ ಕಾಂಟ್ರಾಕ್ಟ್ ಓದಿ ಅಂದರು. ಮೂಗಿಗೆ ತುಪ್ಪ ಸವರಿದ್ದು ಅವರೇ ಅಲ್ವಾ?

ಲೆಕ್ಕ ನೋಡಿ. ಗಂಟೆಗೆ 15 ಯೂರೋ ಜಾಸ್ತಿ ಅಂದರೆ 160 ಗಂಟೆಗೆ 2,400. ಟ್ಯಾಕ್ಸ್ ಕಳೆದರೆ ಸುಮಾರು 1,300. ಬರ್ಲಿನ್‌ನ ಹಳೇ ಮನೆಗೆ 950 ಕೊಡುತ್ತಿದ್ದೆ, ಮ್ಯೂನಿಕ್‌ನಲ್ಲಿ 1,900. ಉಳಿದದ್ದು 350. ಕೆಲಸ ಮೂರೇ ದಿನ ಇದ್ದ ಒಂದೊಂದು ವಾರಕ್ಕೂ 1,360 ಯೂರೋ ಕೈತಪ್ಪಿತು. ಇನ್ನು ಮ್ಯೂನಿಕ್‌ನಲ್ಲಿ ವರ್ಷಕ್ಕೆ 13 ಸರ್ಕಾರಿ ರಜೆ, ಬರ್ಲಿನ್‌ನಲ್ಲಿ 10. ಸಂಬಳದವರಿಗೆ ಅದು ಖುಷಿ. ನಮಗೆ ವಾರದ ನಡುವೆ ಬಿದ್ದ ಪ್ರತಿ ರಜೆಯೂ ಒಂದು ದಿನದ ದುಡಿಮೆಗೆ ಕತ್ತರಿ.

ಬಾಡಿಗೆ ವಿಷಯ ಬಿಡಿಸಿ ಹೇಳಲೇಬೇಕು. ಜರ್ಮನಿಯ ದೊಡ್ಡ ಊರುಗಳಲ್ಲಿ ಮ್ಯೂನಿಕ್ ಬಾಡಿಗೆಯೇ ಎಲ್ಲಕ್ಕಿಂತ ದುಬಾರಿ. ಮನೆ ಮಾಲೀಕರು ಮೊದಲು ಕೇಳೋದು ಕೊನೆಯ ಮೂರು ತಿಂಗಳ ಸಂಬಳದ ಚೀಟಿ. ಫ್ರೀಲಾನ್ಸರ್ ಹತ್ತಿರ ಅದು ಎಲ್ಲಿಂದ ಬರಬೇಕು? ಟ್ಯಾಕ್ಸ್ ಆಫೀಸಿನ ಕಾಗದ ಕೊಟ್ಟರೂ ಮನೆ ಸಂಬಳದವರ ಪಾಲಾಗುತ್ತದೆ. ನಾನು ನೋಡಿದ ಒಂದು ಮನೆಯಲ್ಲಿ ಅಡುಗೆಮನೆ ಅಂತ ತೋರಿಸಿದ್ದು ಬರೀ ಗೋಡೆ. ನೀರಿನ ಎರಡು ಪೈಪ್ ಹೊರಗೆ ಚಾಚಿಕೊಂಡಿದ್ದವು. ಸಿಂಕಿಲ್ಲ, ಒಲೆ ಇಲ್ಲ, ಎಲ್ಲ ನಾವೇ ಹಾಕಿಸಬೇಕು. ಅದರ ಮೇಲೆ ಮೂರು ತಿಂಗಳ ಬಾಡಿಗೆ ಡಿಪಾಸಿಟ್. ಕೊನೆಗೆ ಸಾಮಾನು ಸಮೇತದ ದುಬಾರಿ ಮನೆಯೇ ಗತಿ. ಹಾಗಾಗಿ ಹತ್ತು ವರ್ಷದಿಂದ ಅಲ್ಲೇ ಇರುವ ಗೆಳೆಯರ ಬಾಡಿಗೆ ಕೇಳಿ ಬಜೆಟ್ ಹಾಕಬೇಡಿ. ಹಳೇ ಬಾಡಿಗೆದಾರರಿಗೆ ಕಾನೂನಿನ ರಕ್ಷಣೆ ಇದೆ, ಹೊಸಬರಿಗೆ ಇರೋದು ಇವತ್ತಿನ ರೇಟ್. ಊರೂರಿನ ಖರ್ಚು ಹೋಲಿಸುವ ಪಟ್ಟಿಗಳಲ್ಲಿ ಇದು ಕಾಣಿಸೋದೇ ಇಲ್ಲ.

ಆರೋಗ್ಯ ವಿಮೆ ಯಾವ ಊರಾದರೂ ಒಂದೇ. ಆದರೆ ಕಂಪನಿ ಕಟ್ಟುತ್ತಿದ್ದ ಅರ್ಧವೂ ಈಗ ನಮ್ಮ ತಲೆ ಮೇಲೆ. ಕಡ್ಡಾಯ ಆರೈಕೆ ವಿಮೆಯೂ ಸೇರಿ ಸರ್ಕಾರಿ ವಿಮೆಯ ಗರಿಷ್ಠ ಕಂತು 2025ರಲ್ಲಿ ತಿಂಗಳಿಗೆ 1,100 ಯೂರೋ ದಾಟಿತ್ತು.

ದುಡ್ಡು ಕೈಗೆ ಬರುವ ದಿನವನ್ನೂ ನೋಡಿ. ಕ್ಲೈಂಟ್ ಕೊಟ್ಟ ಮೇಲಷ್ಟೇ ಏಜೆನ್ಸಿ ಕೊಡುತ್ತಿತ್ತು, ಬಿಲ್ ಹಾಕಿ ಎರಡು ತಿಂಗಳಾದರೂ ಸುದ್ದಿ ಇಲ್ಲ. ಹಣ ಬಂದ ಮೇಲೆ ವ್ಯಾಟ್ ಕಟ್ಟುವ ಪದ್ಧತಿಗೆ ಅರ್ಜಿ ಹಾಕಿ ಒಪ್ಪಿಗೆ ಪಡೆಯದಿದ್ದರೆ, ಬಿಲ್‌ನ 19% ವ್ಯಾಟ್ ಅನ್ನು ಹಣ ಬರುವ ಮುಂಚೆಯೇ ಕಟ್ಟಬೇಕಾಗುತ್ತದೆ. ಆದಾಯ ತೆರಿಗೆಯ ಮುಂಗಡ ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ 10ಕ್ಕೆ. ಟ್ಯಾಕ್ಸ್ ಆಫೀಸು ನಿಮ್ಮ ಕ್ಲೈಂಟ್‌ಗಾಗಿ ಕಾಯೋದಿಲ್ಲ.

ಏಜೆನ್ಸಿ ಫೋನ್ ಬಂದರೆ ಕನಿಷ್ಠ ಎಷ್ಟು ಗಂಟೆ, ಎಷ್ಟು ದಿನದಲ್ಲಿ ಹಣ, ವಾರಕ್ಕೆ ಎಷ್ಟು ದಿನ ಆಫೀಸು ಅನ್ನೋದನ್ನು ಬರಹದಲ್ಲೇ ಕೇಳಿ. ಬಾಯಿ ಮಾತು ಬೇಡ.

ಲಂಡನ್, ಆಮ್‌ಸ್ಟರ್‌ಡ್ಯಾಮ್ ರೇಟ್ ಹೇಳಿ ಆಸೆ ಹುಟ್ಟಿಸುವವರೂ ಇದ್ದಾರೆ. ಲಂಡನ್‌ನಲ್ಲಿ ಆ ದಿನದ ರೇಟ್ ಐಆರ್35 (ನೌಕರರ ಹಾಗೇ ಕೆಲಸ ಮಾಡುವ ಫ್ರೀಲಾನ್ಸರ್‌ಗಳಿಗೆ ಇರುವ ಬ್ರಿಟನ್ನಿನ ತೆರಿಗೆ ನಿಯಮ) ಒಳಗೋ ಹೊರಗೋ ಕೇಳಿ. ಒಳಗಾದರೆ ಸಂಬಳದವರ ಹಾಗೇ ಟ್ಯಾಕ್ಸ್. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಜನ ಹೊಗಳುವ 30% ತೆರಿಗೆ ರಿಯಾಯಿತಿ ನೌಕರಿಯಲ್ಲಿರುವವರಿಗೆ, ಸ್ವಂತ ಹೆಸರಲ್ಲಿ ಬಿಲ್ ಹಾಕುವವರಿಗೆ ಅಲ್ಲ.

ಬ್ಲೂ ಕಾರ್ಡ್ (ವಿದೇಶಿ ನೌಕರರಿಗೆ ಕೊಡುವ ವಾಸದ ಪರವಾನಗಿ) ಮೇಲೆ ಜರ್ಮನಿಯಲ್ಲಿರುವವರು ಇದೊಂದನ್ನು ಮರೆಯಬೇಡಿ. ಆ ಕಾರ್ಡ್ ನೌಕರಿಗೆ ಕೊಟ್ಟದ್ದು. ಫ್ರೀಲಾನ್ಸ್‌ಗೆ ವಿದೇಶಿಯರ ಕಚೇರಿಯ ಅನುಮತಿ ಬೇಕು. ಏಜೆನ್ಸಿ ಎಷ್ಟೇ ಅವಸರ ಮಾಡಿದರೂ ಆ ಕಾಗದ ಕೈಗೆ ಬರುವವರೆಗೆ ಇರುವ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.