ಕೋಟೆಯ ಗೈಡ್ ಹೇಳಿದ ದೆವ್ವದ ಕಥೆಗಳು

ಚಿತ್ರದುರ್ಗದ ಕೋಟೆಗೆ ಹೋದರೆ ಬಾಗಿಲಲ್ಲೇ ಒಬ್ಬ ಗೈಡ್ ಮಾಡಿಕೊಳ್ಳಿ. ದುಡ್ಡು ಮಾತ್ರ ಮೊದಲೇ ಮಾತಾಡಿಕೊಳ್ಳಿ. ದಾವಣಗೆರೆಯಿಂದ ಅಕ್ಕನ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಅವರಿಗೆ ಬೇಕಾಗಿದ್ದು ದೆವ್ವದ ಕಥೆ.

"ಹೇಳ್ತೀನಮ್ಮ, ಆದ್ರೆ ಇತಿಹಾಸ ಬೇರೆ, ಕಥೆ ಬೇರೆ" ಅಂದರು ನಮ್ಮ ಗೈಡ್. ನನಗೆ ಜಾಸ್ತಿ ಹಿಡಿಸಿದ್ದು ಇದೇ. ಅಕ್ಕ-ತಂಗಿ ಹೊಂಡದ ಹತ್ತಿರ ನಿಂತು ಎರಡನ್ನೂ ಬಿಡಿಸಿ ಹೇಳಿದರು. 1779ರಲ್ಲಿ ಕೋಟೆ ಹೈದರಾಲಿಯ ವಶವಾಗಿದ್ದು ಇತಿಹಾಸ. ಮದಕರಿ ನಾಯಕನ ರಾಣಿಯರು ಇಲ್ಲಿ ನೀರಿಗೆ ಹಾರಿದರು ಅನ್ನೋದು ಜನರ ಬಾಯಲ್ಲಿ ಉಳಿದ ಮಾತು. ಹೊತ್ತು ಮುಳುಗಿದ ಮೇಲೆ ಆ ಕಡೆ ಸುಳಿಯಬೇಡ ಅಂತ ಅವರ ಅಜ್ಜಿ ಹೇಳುತ್ತಿದ್ದರಂತೆ. ಮಕ್ಕಳು ನನ್ನ ಸೆರಗು ಬಿಡಲಿಲ್ಲ!

ಹಿಡಿಂಬೇಶ್ವರ ಗುಡಿಯಲ್ಲಿ ಹಿಡಿಂಬನದು ಅಂತ ನಂಬುವ ಹಲ್ಲಿನ ಕಥೆಯೂ ಚೆನ್ನಾಗಿತ್ತು. ಎತ್ತರದ ದೀಪದ ಕಂಬ ತೋರಿಸಿ, ಆಗಿನ ಕತ್ತಲು ಹೇಗಿತ್ತು ಅಂತ ಯೋಚಿಸಿ ನೋಡಿ ಅಂದರು.

ಬೇಜಾರು ಒಂದೇ. ಒನಕೆ ಓಬವ್ವನ ಕಿಂಡಿಯಲ್ಲಿ ಅವಸರ ಮಾಡಿದರು. ಅಲ್ಲೇ ಅಲ್ವಾ ನಿಧಾನವಾಗಿ ಹೇಳಬೇಕಾದ್ದು? ಬೆಳಿಗ್ಗೆ ಬೇಗ ಹೋಗಿ, ನೀರಿನ ಬಾಟಲಿ ಮರೆಯಬೇಡಿ.