24 ಪೋರ್ಟ್ ಮ್ಯಾನೇಜ್ಡ್ ಸ್ವಿಚ್, ಮೂರು ವರ್ಷ ಬಳಸಿದ್ಮೇಲೆ: ಕ್ಯೂಓಎಸ್ ಕೆಲಸ ಮಾಡುತ್ತೆ, ನಾನು ಹುಡುಕ್ತಿದ್ದ ಜಾಗದಲ್ಲಲ್ಲ

ಕಂಪನಿ ಹೆಸರು ಬರೀತಿಲ್ಲ, ಕೆಳಗೆ ಸ್ವಲ್ಪ ಬೈದಿದೀನಿ, ಅದಕ್ಕೆ. ಕ್ಯೂಓಎಸ್ ಅಂದ್ರೆ ಯಾವ ಪ್ಯಾಕೆಟ್ ಮುಂದೆ ಹೋಗ್ಬೇಕು, ಯಾವ್ದು ಕಾಯ್ಬೇಕು ಅಂತ ಸ್ವಿಚ್ಚಿಗೆ ಹೇಳೋ ಸೆಟ್ಟಿಂಗು. ಮೈಸೂರು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮ ಆಫೀಸು, 18 ಐಪಿ ಫೋನು, 12 ಕ್ಯಾಮೆರಾ, ಒಂದು ನ್ಯಾಸ್ (ಎಲ್ಲರ ಫೈಲೂ ಇಡೋ ಸ್ಟೋರೇಜ್ ಡಬ್ಬ), ಗೆಸ್ಟ್ ವೈಫೈ, ಹೊರಗಿನ ಇಂಟರ್ನೆಟ್ ಲೈನು 100 ಎಂಬಿಪಿಎಸ್. ಐಟಿ ಅಂದ್ರೆ ನಾನೊಬ್ನೇ, ಪ್ರಿಂಟರಲ್ಲಿ ಪೇಪರ್ ಸಿಕ್ಕಾಕೊಂಡ್ರೂ ನನ್ನನ್ನೇ ಕರೀತಾರೆ.

ಸಂಜೆ ಆರಾದ್ರೆ ಸಾಕು ಸೇಲ್ಸ್ ಕಡೆಯಿಂದ ಒಂದೇ ಕಂಪ್ಲೇಂಟು. "ಸಾರ್, ಪಾರ್ಟಿ ಮಾತಾಡೋದು ನಮಗೆ ನೀಟಾಗಿ ಕೇಳುತ್ತೆ, ನಾವು ಹೇಳೋದು ಅವ್ರಿಗೆ ತುಂಡು ತುಂಡಾಗಿ ಹೋಗ್ತಿದೆಯಂತೆ." ಆರು ಗಂಟೆಗೆ ನ್ಯಾಸಿಂದ ಕ್ಲೌಡ್‌ಗೆ ಬ್ಯಾಕಪ್ ಶುರುವಾಗುತ್ತೆ. ಈ ಸ್ವಿಚ್ ತಗೊಂಡಿದ್ದೇ ಅದನ್ನ ಸರಿ ಮಾಡೋಕೆ.

ಮೊದಲು ಗೊತ್ತಿರಲಿ, ಬಾಕ್ಸಿಂದ ಬಂದಾಗ ಕ್ಯೂಓಎಸ್ ಆಫ್ ಆಗಿತ್ತು. ಆನ್ ಮಾಡಿ, ಪ್ಯಾಕೆಟ್ ಮೇಲಿರೋ ಡಿಎಸ್‌ಸಿಪಿ ಅನ್ನೋ ಪ್ರಯಾರಿಟಿ ನಂಬರನ್ನ ಸ್ವಿಚ್ ನಂಬಲಿ ಅಂತ ಟ್ರಸ್ಟ್ ಮೋಡನ್ನ ಅದಕ್ಕೆ ಹಾಕಿದೆ. ನಮ್ಮ ಫೋನುಗಳು ವಾಯ್ಸ್ ಪ್ಯಾಕೆಟ್ಟಿಗೆ 46 ಅಂತ ಗುರುತು ಹಾಕೇ ಕಳಿಸ್ತಾವೆ, ಇಎಫ್ ಅಂತಾರಲ್ಲ, ಅದು. ಆ 46ನ್ನ ಎಂಟನೇ ಕ್ಯೂಗೆ ಮ್ಯಾಪ್ ಮಾಡಿ ಆ ಕ್ಯೂನ ಸ್ಟ್ರಿಕ್ಟ್ ಪ್ರಯಾರಿಟಿ ಮಾಡಿದೆ (ಅದು ಖಾಲಿಯಾಗೋವರೆಗೂ ಬೇರೆ ಕ್ಯೂ ಕಾಯ್ಬೇಕು), ಉಳಿದ ಏಳಕ್ಕೆ ವೆಯ್ಟ್, ಅಂದ್ರೆ ಯಾರಿಗೆಷ್ಟು ಪಾಲು ಅಂತ, ಕೊಟ್ಟೆ. ಸ್ಟ್ರಿಕ್ಟ್ ಮಾಡಿದ್ರೆ ಬೇರೆಯವ್ರು ಉಪವಾಸ ಬೀಳ್ತಾರೆ ಅನ್ನೋ ಭಯ ಇತ್ತು, ಆದ್ರೆ ಜಿ.711ರಲ್ಲಿ (ಫೋನು ಧ್ವನಿನ ಡೇಟಾ ಮಾಡೋ ಒಂದು ವಿಧಾನ) ಒಂದು ಕಾಲ್ ಒಂದು ಕಡೆಗೆ ಎಲ್ಲಾ ಹೆಡರ್ ಸೇರಿ ಸುಮಾರು 87 ಕೆಬಿಪಿಎಸ್, 18 ಜನ ಒಟ್ಟಿಗೆ ಮಾತಾಡಿದ್ರೂ 1.6 ಎಂಬಿಪಿಎಸ್ ದಾಟಲ್ಲ. ವಿಡಿಯೋನ ಮಾತ್ರ ಆ ಕ್ಯೂಗೆ ಬಿಡ್ಬೇಡಿ.

ಎಲ್ಲಾ ಸೆಟ್ ಮಾಡಿ ಕಾಲರ್ ಏರಿಸ್ಕೊಂಡು ಕೂತಿದ್ದೆ, ಸಂಜೆ ಆರಾಯ್ತು, ಮತ್ತೆ ಅದೇ ತುಂಡು ತುಂಡು.

ಎರಡು ವಾರ ತಲೆ ಕೆಡಿಸ್ಕೊಂಡು ಎಲ್ಲಾ ಮ್ಯಾಪಿಂಗ್ ಮೂರ್ ಮೂರು ಸಲ ನೋಡಿದೆ. ಆಮೇಲೆ ಸುಮ್ನೆ ಕ್ಯೂ ಕೌಂಟರ್ ತೆಗೆದು ನೋಡಿದ್ರೆ ರೌಟರ್ ಕಡೆ ಹೋಗೋ 24ನೇ ಪೋರ್ಟಲ್ಲಿ ಡ್ರಾಪ್, ಅಂದ್ರೆ ಬಿಸಾಕಿದ ಪ್ಯಾಕೆಟ್, ಸೊನ್ನೆ. ಎಲ್ಲಾ ಕ್ಯೂಲೂ ಸೊನ್ನೆ. ಆಗ ಬುದ್ಧಿ ಬಂತು. ಆ ಪೋರ್ಟು ಒಂದು ಗಿಗಾಬಿಟ್, ಹೊರಗಿನ ಲೈನು 100, ಸ್ವಿಚ್ಚಲ್ಲಿ ಯಾರೂ ಕ್ಯೂ ನಿಲ್ತಾನೇ ಇಲ್ಲ, ಬಂದಿದ್ದು ಬಂದ ಹಾಗೆ ರೌಟರ್‌ಗೆ ಹೋಗಿ ಅಲ್ಲಿ ಗುಂಪು ಸೇರ್ತಿದೆ, ನಮ್ಮ ರೌಟರ್‌ಗೆ 46ರ ಗುರುತಿರೋ ಪ್ಯಾಕೆಟ್ಟೂ ಒಂದೇ, ಗುರುತಿಲ್ಲದ ಸೊನ್ನೆದೂ ಒಂದೇ. ಕ್ಯೂನೇ ಇಲ್ಲದ ಕಡೆ ಮುಂದೆ ಬಿಡಪ್ಪಾ ಅಂತ ಯಾರಿಗೆ ಹೇಳೋದು?

24ನೇ ಪೋರ್ಟಿಗೆ ಈಗ್ರೆಸ್ ಶೇಪಿಂಗ್ (ಹೊರಗೆ ಹೋಗೋ ವೇಗಕ್ಕೆ ಮಿತಿ, ಮೀರಿದ್ದು ಕ್ಯೂನಲ್ಲಿ ಕಾಯುತ್ತೆ) 90 ಎಂಬಿಪಿಎಸ್ ಹಾಕಿದೆ. ಅಷ್ಟೇ. ಕ್ಯೂ ಈಗ ಸ್ವಿಚ್ ಒಳಗೇ ಕಟ್ಟುತ್ತೆ, ಫೋನಿನ ಪ್ಯಾಕೆಟ್ ಮುಂದೆ ಹೋಗುತ್ತೆ, ಬ್ಯಾಕಪ್ ಹಿಂದೆ ನಿಲ್ಲುತ್ತೆ. ಅವತ್ತಿಂದ ಆರು ಗಂಟೆ ಕಂಪ್ಲೇಂಟ್ ನಿಂತೋಯ್ತು. ಇದು ಅಪ್‌ಲೋಡಿಗೆ ಮಾತ್ರ ಆಯ್ತಾ, ಡೌನ್‌ಲೋಡ್ ಲೈನ್ ತುಂಬಿದ್ರೆ ಈ ಪೋರ್ಟಿನ ಶೇಪಿಂಗ್‌ನಿಂದ ಏನೂ ಆಗಲ್ಲ.

ಒಂದು ಎಡವಟ್ಟೂ ಆಯ್ತು. ಅಕೌಂಟ್ಸ್ ವಿಎಲ್ಯಾನಿಂದ (ಅದೇ ಸ್ವಿಚ್ಚಲ್ಲಿ ಬೇರೆ ಮಾಡಿದ ನೆಟ್‌ವರ್ಕ್) ನ್ಯಾಸ್‌ಗೆ ಹೋಗೋ ಫೈಲೂ ರೌಟರ್ ಸುತ್ತಿ ಬರ್ತಿತ್ತು, ಅದಕ್ಕೂ ಈ 90 ಅಡ್ಡ ಬಂತು. ಅಕೌಂಟ್ಸ್ ಮೇಡಂ "ಏನ್ರೀ ಇದು, ಫೈಲ್ ಸೇವ್ ಕೊಟ್ಟು ಟೀ ಕುಡಿದು ಬಂದ್ರೂ ಮುಗ್ದಿರಲ್ಲ" ಅಂದ್ರು. ವಿಎಲ್ಯಾನ್ ನಡುವಿನ ರೌಟಿಂಗನ್ನ ಸ್ವಿಚ್ಚಲ್ಲೇ ಮಾಡಿದ್ಮೇಲೆ ಸರಿ ಹೋಯ್ತು.

ಗೆಸ್ಟ್ ವೈಫೈ ಇನ್ನೊಂದು ಕಥೆ. ಅದಕ್ಕೆ 20 ಎಂಬಿಪಿಎಸ್ ಪೊಲೀಸರ್ ಹಾಕಿದ್ರೆ ಸ್ಪೀಡ್ ಟೆಸ್ಟಲ್ಲಿ ಆರೂ ಬರ್ತಿರಲಿಲ್ಲ. ಪೊಲೀಸರ್ ಕಾಯಿಸಲ್ಲ, ಲೆಕ್ಕ ಮೀರಿದ್ದನ್ನ ಬಿಸಾಕುತ್ತೆ, ಬಿಸಾಕಿದ ತಕ್ಷಣ ಡೇಟಾ ಕಳಿಸೋ ಟಿಸಿಪಿ ಹೆದರಿ ವೇಗ ಇಳಿಸುತ್ತೆ. ಡೀಫಾಲ್ಟ್ ಬರ್ಸ್ಟ್ ಸೈಜ್ (ಒಮ್ಮೆಗೇ ನುಗ್ಗೋಕೆ ಬಿಡೋ ಡೇಟಾ) 16 ಕೆಬಿ ಇತ್ತು, ಅಂದ್ರೆ ಹತ್ತು ಹನ್ನೊಂದು ಫುಲ್ ಪ್ಯಾಕೆಟ್, ಯಾವ ಮೂಲೆಗೆ ಸಾಕಾಗುತ್ತೆ? 250 ಕೆಬಿ ಮಾಡಿದೆ, 20 ಎಂಬಿಪಿಎಸ್‌ಗೆ ಅದು 100 ಮಿಲಿಸೆಕೆಂಡಿನಷ್ಟು, ಆಮೇಲೆ 18ರ ಹತ್ರ ಬಂತು. ಮ್ಯಾನ್ಯುಅಲಲ್ಲಿ ಬರ್ಸ್ಟ್ ಬಗ್ಗೆ ಒಂದೇ ಒಂದು ಸಾಲಿದೆ, ಅದೂ "ಬರ್ಸ್ಟ್ ಸೈಜ್ ನಮೂದಿಸಿ" ಅಂತ.

ಬೈಯೋದು ಇನ್ನೆರಡಿದೆ. ಅಪ್ಲೈ ಒತ್ತಿದ್ರೆ ಸೇವ್ ಆಗಲ್ಲ, ಸೇವ್ ಬಟನ್ ಬೇರೆ ಪೇಜಲ್ಲಿದೆ, ಒಂದಿನ ಕರೆಂಟ್ ಹೋಗಿ ಯುಪಿಎಸ್ಸೂ ಕೈ ಕೊಟ್ಟು, ವಾಪಸ್ ಬಂದಾಗ ಎಲ್ಲಾ ಸೆಟ್ಟಿಂಗ್ ಗೋವಿಂದ. ಹೋದ ವರ್ಷ ಫರ್ಮ್‌ವೇರ್ ಅಪ್‌ಡೇಟ್ ಮಾಡಿದಾಗ ಡಿಎಸ್‌ಸಿಪಿ ಮ್ಯಾಪ್ ಸದ್ದಿಲ್ಲದೆ ಡೀಫಾಲ್ಟ್‌ಗೆ ಹೋಗಿತ್ತು, ನನಗೆ ಗೊತ್ತಾಗಿದ್ದು ಸಂಜೆ ಆರಕ್ಕೆ ಸೇಲ್ಸ್‌ನವ್ರು ಬಂದು ಟೇಬಲ್ ಮುಂದೆ ನಿಂತಾಗ. ಆಮೇಲಿಂದ ಕಾನ್ಫಿಗ್ ಫೈಲ್ ಪೆನ್‌ಡ್ರೈವಲ್ಲಿ ಇಟ್ಕೊಂಡಿದೀನಿ.

ಹಾರ್ಡ್‌ವೇರ್ ಬಗ್ಗೆ ಒಂದು ಮಾತಿಲ್ಲ, ಮೂರು ವರ್ಷದಲ್ಲಿ ಒಂದು ಪೋರ್ಟೂ ಹೋಗಿಲ್ಲ. ಫ್ಯಾನ್ ಸೌಂಡ್ ಮಾತ್ರ ಹಿಟ್ಟಿನ ಗಿರಣಿ, ಮೊನ್ನೆ ಮೇಲಿನ ಫ್ಲೋರಿಗೆ ಇದೇ ಕಂಪನಿದು ಫ್ಯಾನಿಲ್ಲದ 8 ಪೋರ್ಟ್ ತಂದಿದೀನಿ, ಅದರಲ್ಲೂ ಕ್ಯೂಓಎಸ್ ಆಫೇ ಇತ್ತು.